ರಂಗನತಿಟ್ಟಿನಲ್ಲಿ ಬಾತುಗಳು ಸಿಗಲಿಲ್ಲ. ಜನವರಿಯಲ್ಲಿ ಎಲ್ಲಿ ನೋಡಬೇಕು?

ಕಲ್ಲಹಳ್ಳಿ ಮಂಡ್ಯ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಏಳನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳಿಗೆ ಹಕ್ಕಿಗಳ ಹುಚ್ಚು ಹಿಡಿದಿದೆ. ಈ ಚಳಿಗಾಲಕ್ಕೆಂದು ನೋಟ್‌ಬುಕ್ಕಿನಲ್ಲಿ ಒಂದು ಪಟ್ಟಿ ಬರೆದುಕೊಂಡಿದ್ದಾಳೆ: ಪಟ್ಟೆತಲೆ ಹೆಬ್ಬಾತು, ಸೂಜಿಬಾಲದ ಬಾತು (ಪಿನ್‌ಟೇಲ್), ಗಾರ್ಗನಿ ಮತ್ತು ಶೋವೆಲರ್ ಎಂಬ ಬಾತುಗಳು, ಕೆಸರಿನಲ್ಲಿ ಮೇಯುವ ಮೂರು ಬಗೆಯ ಗದ್ದೆಗೊರವ. ಪ್ರತಿ ಹೆಸರಿನ ಮುಂದೆಯೂ ಗುರುತು ಹಾಕಲು ಚೌಕ ಬರೆದಿಟ್ಟಿದ್ದಾಳೆ.

ಡಿಸೆಂಬರ್ ಕೊನೆಯ ವಾರ ರಂಗನತಿಟ್ಟಿಗೆ ಹೋಗಿದ್ದೆವು. ದೋಣಿಯಲ್ಲಿ ಕುಳಿತು ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಕೆಂಬರಲು, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆ ಎಲ್ಲವನ್ನೂ ಹತ್ತಿರದಿಂದ ಕಂಡು ಮನೆಮಂದಿಯೆಲ್ಲ ಖುಷಿಪಟ್ಟೆವು. ಆದರೆ ಪಟ್ಟಿಯಲ್ಲಿದ್ದ ಹಕ್ಕಿಗಳಲ್ಲಿ ಒಂದೂ ಕಾಣಲಿಲ್ಲ. ಅವು ಈ ಕಡೆ ಬರುವುದೇ ಇಲ್ಲವೋ, ನಾವು ಹೋದ ಜಾಗ ತಪ್ಪೋ, ಸಮಯ ತಪ್ಪೋ ತಿಳಿಯಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದೆರಡು ಭಾನುವಾರ ಬಿಡುವಿದೆ. ಮಂಡ್ಯದಿಂದ ಬೆಳಿಗ್ಗೆ ಹೊರಟು ಮಧ್ಯಾಹ್ನಕ್ಕೆ ಮರಳುವಂತೆ ಎಲ್ಲಿಗೆ ಹೋಗಬಹುದು? ನಮ್ಮ ತಾಯಿಯೂ ಬರುತ್ತಾರೆ, ಅವರಿಗೆ ಮಂಡಿನೋವು, ಹೆಚ್ಚು ನಡೆಯಲಾಗದು. ಮನೆಯಲ್ಲಿ ಬೈನಾಕ್ಯುಲರ್ ಇಲ್ಲ, ಎಂಥದ್ದು ಕೊಳ್ಳಬೇಕು? ಊರ ಕೆರೆಗಳಿಗೆ ಹೋದರೆ ಅಲ್ಲಿನವರು ಏನಾದರೂ ಅಂದುಕೊಳ್ಳುತ್ತಾರೆಯೇ ಎಂಬ ಅಳುಕೂ ಇದೆ.


ನಾಲೆ ಏರಿ (ಉತ್ತರ)

ನಿಮ್ಮ ಮಗಳ ಪಟ್ಟಿ ಸರಿಯಾಗಿಯೇ ಇದೆ. ಆ ಹಕ್ಕಿಗಳೆಲ್ಲ ನಮ್ಮ ಕಡೆ ಬರುತ್ತವೆ. ಅವುಗಳಿಗೆ ಬೇಕಾದ ಜಾಗದ ಬಗೆ ಮಾತ್ರ ಬೇರೆ.

ರಂಗನತಿಟ್ಟು ಗೂಡು ಕಟ್ಟುವ ಹಕ್ಕಿಗಳ ಊರು. ಹದಿನೇಳನೆಯ ಶತಮಾನದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದ ಅಲ್ಲಿ ನಡುಗಡ್ಡೆಗಳಾದವು. ಸುತ್ತ ಹರಿಯುವ ನೀರು, ನೀರಿನಲ್ಲಿ ಮೊಸಳೆ, ಮೇಲೆ ಮರ. ಮೊಟ್ಟೆ ಮರಿಗಳಿಗೆ ಅದಕ್ಕಿಂತ ಭದ್ರವಾದ ತಾಣ ಸಿಗುವುದು ಕಷ್ಟ. ಪಕ್ಷಿತಜ್ಞ ಸಲೀಂ ಅಲಿಯವರು ಅದನ್ನು ಗುರುತಿಸಿ ಮೈಸೂರು ಅರಸರಿಗೆ ಹೇಳಿದ್ದರಿಂದ 1940ರಲ್ಲಿ ಅಭಯಾರಣ್ಯವಾಯಿತು, 2022ರಲ್ಲಿ ಕರ್ನಾಟಕದ ಮೊದಲ ರಾಮ್ಸರ್ ತಾಣವೂ (ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿಗೆ ಸೇರಿದ ಜಾಗ) ಆಯಿತು. ಅಲ್ಲಿ ನೀವು ಕಂಡ ಹೆಜ್ಜಾರ್ಲೆ, ಕೊಕ್ಕರೆಗಳು ದೂರದೇಶದವಲ್ಲ. ಮಳೆ, ನೀರು, ಮೀನು ನೋಡಿಕೊಂಡು ನಮ್ಮ ನಾಡಿನಲ್ಲೇ ಓಡಾಡಿ, ಸಂಸಾರ ಮಾಡಲು ಅಲ್ಲಿಗೆ ಬರುವಂಥವು.

ಬಡಗಣದಿಂದ ಬರುವ ಬಾತುಗಳ ಕಥೆಯೇ ಬೇರೆ. ಅವು ಇಲ್ಲಿ ಗೂಡು ಕಟ್ಟುವುದಿಲ್ಲ, ಬರುವುದು ಮೇವಿಗೆ ಮತ್ತು ವಿಶ್ರಾಂತಿಗೆ. ಪಿನ್‌ಟೇಲ್, ಶೋವೆಲರ್, ಗಾರ್ಗನಿ ಮೂರೂ ಮುಳುಗಿ ಮೇಯುವುದಿಲ್ಲ. ತಲೆ ಕೆಳಗೆ ಮಾಡಿ, ಬಾಲ ಮೇಲೆತ್ತಿ, ಕತ್ತು ಎಟುಕುವಷ್ಟು ಆಳದಲ್ಲಿ ಮಾತ್ರ ಮೇಯುತ್ತವೆ, ಅಂದರೆ ಒಂದು ಗೇಣು, ಹೆಚ್ಚೆಂದರೆ ಒಂದೂವರೆ ಗೇಣು ನೀರು. ಗದ್ದೆಗೊರವಗಳಿಗೆ ಅಷ್ಟೂ ಬೇಡ, ಒದ್ದೆ ಕೆಸರು ಸಾಕು. ಹೆಬ್ಬಾತಿಗೆ ದಡದ ಹುಲ್ಲು ಬೇಕು, ನಾಲ್ಕು ದಿಕ್ಕಿಗೂ ಕಣ್ಣು ಹಾಯುವ ಬಯಲು ಬೇಕು. ಇದೆಲ್ಲ ಒಟ್ಟಿಗೆ ಸಿಗುವುದು ಬಯಲುಸೀಮೆಯ ಕೆರೆಗಳಲ್ಲಿ. ಹಕ್ಕಿಗಳಿಗೆ ಒಗ್ಗುವ ಕೆರೆ ಊಟದ ತಟ್ಟೆಯ ಹಾಗಿರುತ್ತದೆ, ಅಗಲ ಹೆಚ್ಚು, ಆಳ ಕಡಿಮೆ, ಅಂಚು ನಿಧಾನವಾಗಿ ಏರುತ್ತ ಹೋಗಿರುತ್ತದೆ.

ಕೆರೆಗೆ ಹೋದವರೆಲ್ಲ ಏರಿಯ ಮೇಲೆ ನಿಲ್ಲುತ್ತಾರೆ. ರಸ್ತೆ, ಗುಡಿ, ಅರಳಿಕಟ್ಟೆ ಎಲ್ಲ ಆ ಕಡೆಯೇ ಇರುವುದರಿಂದ ಅದು ಸಹಜ. ಆದರೆ ತೂಬು ಇರುವುದೂ ಅಲ್ಲೇ, ಆಳ ಇರುವುದೂ ಅಲ್ಲೇ. ಅಲ್ಲಿ ನೀರುಕಾಗೆ, ಗುಳುಮುಳುಕ, ನಾಮದ ಕೋಳಿ ಸಿಗುತ್ತವೆ. ಬಾತುಗಳು ಎದುರು ಬದಿಯಲ್ಲಿ, ನೀರು ಬಂದು ಸೇರುವ ಕೆರೆಯಂಗಳದಲ್ಲಿ ಇರುತ್ತವೆ. ಆ ಕಡೆಗೆ ಗಾಡಿ ಜಾಡು ಇದೆಯೇ ಎಂದು ಊರಿನಲ್ಲಿ ಕೇಳಿ. ಬೆಳಿಗ್ಗೆ ಹೋಗುವುದಾದರೆ ಪೂರ್ವದ ದಡ ಹಿಡಿಯಿರಿ. ಸೂರ್ಯ ನಿಮ್ಮ ಬೆನ್ನಿಗಿದ್ದರೆ ಬಣ್ಣ ಕಾಣುತ್ತದೆ, ಎದುರಿಗಿದ್ದರೆ ಎಲ್ಲ ಬಾತುಗಳೂ ಕಪ್ಪಾಗಿಯೇ ಕಾಣುತ್ತವೆ.

ಸಮಯದ ವಿಷಯಕ್ಕೆ ಬರುತ್ತೇನೆ. ನಾನು ಕೆಲಸ ಮಾಡಿದ್ದು ನಾಲೆಗಳ ಮೇಲೆ, ಆದ್ದರಿಂದ ನಾನು ಮೊದಲು ನೋಡುವುದು ನೀರಿನ ಮಟ್ಟ. ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್ ಅಣೆಕಟ್ಟು) 124.80 ಅಡಿ ತುಂಬಿ ನಾಲೆಗಳು ಬಿಡುವಿಲ್ಲದೆ ಹರಿದ ವರ್ಷ ಕೆರೆಗಳು ಕೋಡಿಯವರೆಗೆ ತುಂಬಿರುತ್ತವೆ. ಅಂಚೆಲ್ಲ ಮುಳುಗಿರುವುದರಿಂದ ಬಾತುಗಳಿಗೆ ಕೆಸರು ಎಟುಕುವುದಿಲ್ಲ. ಭತ್ತದ ಕೊಯ್ಲು ಮುಗಿದು ನಾಲೆ ನಿಂತ ಮೇಲೆ ನೀರು ದಿನದಿನಕ್ಕೆ ಇಳಿಯುತ್ತದೆ. ಇಳಿದಲ್ಲೆಲ್ಲ ಹೊಸ ಕೆಸರು, ಅದರಲ್ಲಿ ಹುಳು, ಬಸವನಹುಳು, ಜೊಂಡಿನ ಬೀಜ. ಹಾಗಾಗಿ ಡಿಸೆಂಬರಿಗಿಂತ ಜನವರಿಯ ಎರಡನೆಯ ಅರ್ಧ ವಾಸಿ. ಸಂಕ್ರಾಂತಿ ಕಳೆದ ಮೇಲೆ ಹೋಗುತ್ತೇವೆ ಎಂದಿದ್ದೀರಿ, ಅದು ತಕ್ಕ ಕಾಲ.

ಇಲ್ಲಿ ಒಂದು ನೋವು ಹೇಳಿಕೊಳ್ಳುತ್ತೇನೆ. ನಾನು ವರ್ಷಗಟ್ಟಲೆ ನೋಡಿಕೊಂಡಿದ್ದ ಕೆರೆಯೊಂದರ ಹೂಳೆತ್ತಿದರು. ರೈತರಿಗೆ ನೀರು ಬೇಕು, ಹೂಳು ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜೆಸಿಬಿ ಇಳಿಸಿ ನಾಲ್ಕೂ ಕಡೆ ಗೋಡೆಯಂತೆ ನೆಟ್ಟಗೆ ಕಡಿದು, ಕಲ್ಲು ಕಟ್ಟಿ, ಮೇಲೆ ನಡಿಗೆಯ ದಾರಿ ಮಾಡಿದರು. ಮುಂದಿನ ಚಳಿಗಾಲ ಅಲ್ಲಿ ಮುಳುಗು ಹಾಕುವ ಹಕ್ಕಿಗಳಷ್ಟೇ ಉಳಿದವು. ಗದ್ದೆಗೊರವಕ್ಕೆ ಕಾಲೂರಲು ಒಂದು ಮೊಳ ಕೆಸರೂ ಇರಲಿಲ್ಲ. ಏರಿಯ ಕಡೆ ಎಷ್ಟು ಆಳವಾದರೂ ತೆಗೆಯಲಿ, ಅಂಗಳದ ಕಡೆಯ ಇಳಿಜಾರನ್ನು ಹಾಗೆಯೇ ಬಿಟ್ಟರೆ ರೈತನಿಗೂ ನೀರು, ಹಕ್ಕಿಗೂ ಮೇವು. ನಿಮ್ಮೂರಿನ ಕೆರೆಗೆ ಹೂಳೆತ್ತುವ ಯೋಜನೆ ಬಂದಾಗ ಗ್ರಾಮಸಭೆಯಲ್ಲಿ ಈ ಮಾತು ಎತ್ತಿ ಎಂದು ಎಲ್ಲರನ್ನೂ ಕೇಳಿಕೊಳ್ಳುತ್ತೇನೆ.

ಇನ್ನು ಜಾಗ. ಹೆಬ್ಬಾತಿಗೆ ಹದಿನಾರು ಕೆರೆ, ನಂಜನಗೂಡು ತಾಲ್ಲೂಕು, ಸುತ್ತೂರಿಗೆ ಹತ್ತಿರ. ಪಟ್ಟೆತಲೆ ಹೆಬ್ಬಾತಿಗೆ ಅದು ಹಿಂದಿನಿಂದಲೂ ಹೆಸರಾದ ಕೆರೆ. ಸುತ್ತೂರು ಜಾತ್ರೆಯ ದಿನಗಳಲ್ಲಿ ಆ ರಸ್ತೆಯಲ್ಲಿ ವಾಹನ ಜಾಸ್ತಿ, ದಿನಾಂಕ ನೋಡಿಕೊಳ್ಳಿ. ಕನ್ನಂಬಾಡಿಯ ಹಿನ್ನೀರು ಇಳಿಯತೊಡಗಿದಾಗ ಅದರ ಅಂಚಿನಲ್ಲೂ ಗದ್ದೆಗೊರವಗಳು, ನೀರಿನ ಮೇಲೆ ಹಾರಾಡಿ ಮೀನು ಹಿಡಿಯುವ ರೀವಗಳು ಸಿಗುತ್ತವೆ. ತೊಣ್ಣೂರು ಕೆರೆ ಕಣ್ಣಿಗೆ ಹಬ್ಬ, ಆದರೆ ಗುಡ್ಡಗಳ ನಡುವಿನ ಆಳದ ನೀರು. ಬಾತಿಗಾಗಿ ಅಲ್ಲಿಗೆ ಹೋಗಬೇಡಿ.

ಹೆಬ್ಬಾತಿನ ಬಗ್ಗೆ ಮಗಳಿಗೆ ಇಷ್ಟು ಹೇಳಿ. ಬಿಳಿ ತಲೆ, ಹಿಂದಲೆಯಲ್ಲಿ ಎರಡು ಕಪ್ಪು ಪಟ್ಟೆ, ಕಿತ್ತಳೆ ಹಳದಿಯ ಕೊಕ್ಕು ಮತ್ತು ಕಾಲು. ಎರಡು ಮೂರು ಕಿಲೋ ತೂಗುವ ಈ ಹಕ್ಕಿ ಮಂಗೋಲಿಯ, ಟಿಬೆಟ್, ಲಡಾಖಿನ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬರುತ್ತದೆ. ಟ್ರಾನ್ಸ್‌ಮಿಟರ್ ಕಟ್ಟಿ ನೋಡಿದಾಗ 7,000 ಮೀಟರ್ ಮೀರಿದ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವ ಗುಣ ಅದರ ರಕ್ತದ ಹಿಮೋಗ್ಲೋಬಿನ್ನಿಗಿದೆ. ರಾತ್ರಿ ಮತ್ತು ನಸುಕಿನಲ್ಲಿ ಬಯಲಿನಲ್ಲಿ ಮೇದು, ಬಿಸಿಲೇರುವ ಹೊತ್ತಿಗೆ ಸಾಲುಗಟ್ಟಿ ಕೆರೆಗೆ ಮರಳುತ್ತವೆ. ಆಗ ದಡದಲ್ಲಿ ಬಹುಪಾಲು ಹಕ್ಕಿಗಳು ಒಂಟಿಕಾಲಿನಲ್ಲಿ ನಿಂತು, ಕೊಕ್ಕನ್ನು ಬೆನ್ನಿನ ಗರಿಗಳೊಳಗೆ ಹುದುಗಿಸಿ ಮಲಗಿರುತ್ತವೆ. ಹಿಂಡಿನ ಅಂಚಿನಲ್ಲಿ ಒಂದಿಷ್ಟು ಮಾತ್ರ ಕತ್ತು ನೆಟ್ಟಗೆ ಮಾಡಿ ಕಾವಲಿರುತ್ತವೆ. ನೀವು ಹತ್ತಿರ ಹೋದಷ್ಟೂ ಎದ್ದ ಕತ್ತುಗಳು ಹೆಚ್ಚುತ್ತವೆ. ಹಿಂಡು ಗೊಣಗುತ್ತ ನೀರಿನ ಕಡೆ ನಡೆಯತೊಡಗಿದರೆ ಅದು ಹಾರುವ ಮುನ್ಸೂಚನೆ. ತಕ್ಷಣ ನಿಂತು ಕೆಳಗೆ ಕುಳಿತುಬಿಡಿ, ಇಲ್ಲವೇ ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ. ಮಾರ್ಚ್ ವೇಳೆಗೆ ಮತ್ತೆ ಹಿಮಾಲಯ ದಾಟಬೇಕಾದ ಹಕ್ಕಿಗೆ ಇಲ್ಲಿ ಮೈಗೆ ಹತ್ತಿಸಿಕೊಂಡ ಕೊಬ್ಬೇ ಬುತ್ತಿ. ಅದನ್ನು ಸುಮ್ಮನೆ ಹಾರಿಸಿ ಕರಗಿಸಬಾರದು.


ಕುಕ್ಕರಹಳ್ಳಿ ದಂಡೆ (ಉತ್ತರ)

ನಾಲೆ ಏರಿಯವರು ಕೆರೆಯ ಬಗ್ಗೆ ಬರೆದದ್ದರಲ್ಲಿ ನಾನು ಸೇರಿಸುವುದು ಏನೂ ಇಲ್ಲ. ನಿಮ್ಮ ತಾಯಿಯವರ ಮಂಡಿನೋವಿನ ಬಗ್ಗೆ ಮಾತ್ರ ಯಾರೂ ಯೋಚಿಸಲಿಲ್ಲ, ಅಲ್ಲಿಂದ ಶುರುಮಾಡುತ್ತೇನೆ.

ಒಂದು ಭಾನುವಾರವನ್ನು ಕೊಕ್ಕರೆ ಬೆಳ್ಳೂರಿಗೆ ಕೊಡಿ. ಮದ್ದೂರು ತಾಲ್ಲೂಕು, ನಿಮಗೆ ಹತ್ತಿರ. ಅಲ್ಲಿ ಬಾತು ಸಿಗುವುದಿಲ್ಲ, ನಿಜ. ಆದರೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟುವ ಕಾಲ ಇದು. ಅಜ್ಜಿ ಒಂದು ಜಗಲಿಯ ಮೇಲೆ ಕುಳಿತು ತಲೆಯೆತ್ತಿದರೆ ಸಾಕು. ಕೊಕ್ಕಿನಲ್ಲಿ ಕಡ್ಡಿ ಹಿಡಿದು ಬಂದ ಹಕ್ಕಿ, ಅದನ್ನು ಎಲ್ಲಿ ಸಿಕ್ಕಿಸಬೇಕೆಂದು ಜೋಡಿ ಹಕ್ಕಿ ಮಾಡುವ ತಕರಾರು, ಎಲ್ಲವೂ ಕಾಣುತ್ತದೆ. ಊರಿನವರು ತಲೆಮಾರುಗಳಿಂದ ಈ ಹಕ್ಕಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಮಕ್ಕಳು ಇದನ್ನು ನೋಡಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೈಸೂರಿಗೆ ಬರುವುದಾದರೆ ಕುಕ್ಕರಹಳ್ಳಿ ಕೆರೆಯ ದಂಡೆ ಸಮತಟ್ಟು, ಕೂರಲು ಬೆಂಚುಗಳಿವೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಆದ ಕೆರೆ ಅದು. ಅವರೇ 1828ರಲ್ಲಿ ಕಟ್ಟಿಸಿದ ಲಿಂಗಾಂಬುಧಿ ಕೆರೆಯೂ ಊರಿನ ಇನ್ನೊಂದು ತುದಿಯಲ್ಲಿದೆ. ಎರಡರಲ್ಲೂ ಬಾತು ಬರುವುದು ಆಯಾ ವರ್ಷದ ನೀರಿನ ಮೇಲೆ ಹೋಗುತ್ತದೆ. ಹೊರಡುವ ಮುನ್ನ, ಹಕ್ಕಿ ನೋಡುವವರು ತಾವು ಕಂಡದ್ದನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ನಲ್ಲಿ ಆ ಕೆರೆಯ ಹೆಸರು ಹುಡುಕಿ, ಕಳೆದ ಎರಡು ವಾರಗಳ ಪಟ್ಟಿ ನೋಡಿ. ಯಾರು ಏನು ಕಂಡರು ಎಂಬುದು ಅಲ್ಲಿ ಸಿಗುತ್ತದೆ.

ಬೈನಾಕ್ಯುಲರ್ ಮೇಲೆ 8x42 ಎಂದು ಬರೆದಿರುತ್ತದೆ. ಎಂಟು ಎಂದರೆ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದು, 42 ಎಂದರೆ ಮುಂದಿನ ಮಸೂರದ ಅಗಲ ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. ಐದರ ಹತ್ತಿರ ಬಂದರೆ ನಸುಕಿನ ಮಂದ ಬೆಳಕಿನಲ್ಲೂ ಚೆನ್ನಾಗಿ ಕಾಣುತ್ತದೆ. 10x25 ಎಂದಿರುವ ಜೇಬಿನ ಗಾತ್ರದ್ದಕ್ಕೆ ಎರಡೂವರೆ ಬರುತ್ತದೆ, ಬೆಳಗಿನ ಹೊತ್ತು ಮಸುಕು. ಹೆಚ್ಚು ಪಟ್ಟು ಹೆಚ್ಚಿಸುತ್ತದೆ ಎಂದು ಇಪ್ಪತ್ತು ಪಟ್ಟಿನದನ್ನು ಅಂಗಡಿಯವರು ತೋರಿಸಿದರೆ ಕೊಳ್ಳಬೇಡಿ, ಕೈಯ ನಡುಕವೂ ಇಪ್ಪತ್ತು ಪಟ್ಟಾಗಿ ಹಕ್ಕಿ ಒಂದು ಕಡೆ ನಿಲ್ಲುವುದೇ ಇಲ್ಲ. ಮಗಳ ಕೈಗೆ ಭಾರವಾಗುವುದಾದರೆ 8x32 ಒಳ್ಳೆಯದು.

ಗುರುತಿಸುವ ವಿಷಯ. ಗಂಡು ಪಿನ್‌ಟೇಲ್ ಸುಲಭ: ಚಾಕೊಲೇಟ್ ಬಣ್ಣದ ತಲೆ, ಕತ್ತಿನ ಪಕ್ಕದಲ್ಲಿ ಬಿಳಿ ಗೆರೆ, ಉದ್ದನೆಯ ಚೂಪು ಬಾಲ. ಗಂಡು ಗಾರ್ಗನಿಗೆ ಅಗಲವಾದ ಬಿಳಿ ಹುಬ್ಬು ಇರುತ್ತದೆ ಎಂದು ಪುಸ್ತಕಗಳಲ್ಲಿ ಇರುತ್ತದೆ, ಆದರೆ ಚಳಿಗಾಲದ ಮೊದಲ ಭಾಗದಲ್ಲಿ ಗಂಡೂ ಹೆಣ್ಣಿನಂತೆ ಕಂದಾಗಿಯೇ ಇರುತ್ತದೆ. ಹೊಸ ಗರಿ ಬಂದು ಹುಬ್ಬು ಬೆಳ್ಳಗಾಗುವುದು ತಡವಾಗಿ. ಹಾಗಾಗಿ ಹುಬ್ಬು ಕಾಣದಿದ್ದರೆ ಮಗಳು ನಿರಾಶಳಾಗುವುದು ಬೇಡ, ಮುಖದ ಮೇಲಿನ ಕಪ್ಪು ಬಿಳಿ ಗೆರೆಗಳನ್ನು ನೋಡಲಿ. ಊರಿನದೇ ಆದ ಚುಕ್ಕೆಕೊಕ್ಕಿನ ಬಾತನ್ನು ಮೊದಲು ಚೆನ್ನಾಗಿ ಕಲಿತುಕೊಳ್ಳುವುದು ಒಳ್ಳೆಯದು. ಕೊಕ್ಕಿನ ತುದಿ ಹಳದಿ, ಬುಡದಲ್ಲಿ ಕೆಂಪು ಚುಕ್ಕೆ.

ಶೋವೆಲರ್ ಸಿಕ್ಕರೆ ಮಾತ್ರ ಬೇಗ ಎದ್ದು ಬರಬೇಡಿ. ಅದರ ಕೊಕ್ಕು ತಲೆಗಿಂತ ಉದ್ದ, ತುದಿಯಲ್ಲಿ ಅಗಲ. ಕೊಕ್ಕನ್ನು ನೀರಿನ ಮೇಲ್ಮೈಗೆ ಚಪ್ಪಟೆಯಾಗಿ ಹಿಡಿದು, ಕತ್ತು ಮುಂದೆ ಚಾಚಿ, ಅತ್ತಿತ್ತ ಆಡಿಸುತ್ತ ಈಜುತ್ತದೆ. ಮುಂದಿನಿಂದ ಒಳಹೋದ ನೀರು ಕೊಕ್ಕಿನ ಎರಡೂ ಬದಿಯಿಂದ ಸಣ್ಣಗೆ ಸೋರುತ್ತಿರುತ್ತದೆ. ಕೊಕ್ಕಿನ ಒಳಂಚಿನಲ್ಲಿ ಸಾಲುಸಾಲಾಗಿರುವ ಹಲ್ಲುಗಳಂಥ ಎಳೆಗಳಲ್ಲಿ ಬೀಜ, ಪುಟ್ಟ ಜೀವಿಗಳು ಸಿಕ್ಕಿಕೊಳ್ಳುತ್ತವೆ. ಕೆಲವೊಮ್ಮೆ ಹಲವು ಹಕ್ಕಿಗಳು ಒಂದರ ಬಾಲಕ್ಕೆ ಇನ್ನೊಂದು ಕೊಕ್ಕು ತಾಗಿಸಿದಂತೆ ಸುತ್ತುತ್ತ ಮೇಯುತ್ತವೆ. ಮುಂದಿನದು ಕಾಲಿನಿಂದ ಕಲಕಿದ್ದನ್ನು ಹಿಂದಿನದು ಸೋಸಿಕೊಳ್ಳುತ್ತದೆ.

ಮೂರು ಗದ್ದೆಗೊರವಗಳಲ್ಲಿ, ನಿಂತಲ್ಲಿ ನಿಲ್ಲದೆ ಹಿಂಭಾಗ ಕುಣಿಸುತ್ತ, ಎದೆಯ ಬಿಳಿ ಬಣ್ಣ ರೆಕ್ಕೆಯ ಮುಂದೆ ಭುಜದವರೆಗೆ ಏರಿರುವುದು ಸಾಮಾನ್ಯ ಗದ್ದೆಗೊರವ. ಹಳದಿ ಛಾಯೆಯ ಕಾಲು, ಬೆನ್ನಿನ ಮೇಲೆ ಎದ್ದು ಕಾಣುವ ಚುಕ್ಕೆ, ಕಣ್ಣಿನ ಹಿಂದಕ್ಕೂ ಚಾಚಿದ ಬಿಳಿ ಹುಬ್ಬು ಇದ್ದರೆ ಅಡವಿ ಗದ್ದೆಗೊರವ. ಬೆನ್ನು ಗಾಢವಾಗಿದ್ದು, ಹಾರಿದಾಗ ಬಾಲದ ಬುಡ ಬೆಳ್ಳಗೆ ಹೊಳೆದರೆ ಹಸಿರು ಗದ್ದೆಗೊರವ. ಇದು ಹೆಚ್ಚಾಗಿ ಒಂಟಿ.

ಒಂದು ಎಚ್ಚರಿಕೆ: ಸತ್ತ ಅಥವಾ ತೂಕಡಿಸುತ್ತಿರುವ ಹಕ್ಕಿ ಕಂಡರೆ ಮುಟ್ಟಬೇಡಿ, ಹತ್ತಿರದ ಪಶುವೈದ್ಯ ಆಸ್ಪತ್ರೆಗೋ ಅರಣ್ಯ ಇಲಾಖೆಗೋ ತಿಳಿಸಿ. ಹಕ್ಕಿಜ್ವರದಿಂದಾಗಿ 2017ರ ಜನವರಿಯಲ್ಲಿ ಮೈಸೂರು ಮೃಗಾಲಯವನ್ನೇ ಮುಚ್ಚಬೇಕಾಗಿ ಬಂದಿತ್ತು.


ಹದಿನಾರು ಸೀಮೆಯ ರೈತ (ಉತ್ತರ)

ಊರಿನವರು ಏನಂದುಕೊಳ್ಳುತ್ತಾರೆ ಎಂದು ಕೇಳಿದ್ದೀರಿ. ಮಗಳನ್ನು ಕರೆದುಕೊಂಡು ಹಕ್ಕಿ ನೋಡಲು ಬಂದವರನ್ನು ಯಾರೂ ಏನೂ ಅನ್ನುವುದಿಲ್ಲ. ಬಂದ ಕಾರಣ ಮೊದಲೇ ಹೇಳಿಬಿಡಿ, ದನ ಮೇಯಿಸುವವರೇ ಹಕ್ಕಿ ಎಲ್ಲಿವೆ ಎಂದು ತೋರಿಸುತ್ತಾರೆ. ಮೈಸೂರು ಅರಸುಮನೆತನದ ಮೂಲಪುರುಷ ಯದುರಾಯರ ಕಥೆಯಲ್ಲಿ ಬರುವ ಹದಿನಾಡು ನಮ್ಮದೇ ಎಂಬ ಹೆಮ್ಮೆ ನಮಗಿದೆ, ಮಗಳಿಗೆ ಆ ಕಥೆಯನ್ನೂ ಹೇಳಿ ಕರೆತನ್ನಿ.

ಬೇಸರವಾಗುವುದು ಬೇರೆ ಕೆಲಸಗಳಿಗೆ. ಬದುವಿನ ಮೇಲೆ ಬೈಕ್ ಹತ್ತಿಸುತ್ತಾರೆ. ಬದು ಕುಸಿದರೆ ಕಟ್ಟಿದ ನೀರೆಲ್ಲ ಕೆಳಗಿನ ಗದ್ದೆಗೆ ಹೋಗುತ್ತದೆ, ಮತ್ತೆ ಮಣ್ಣು ಹಾಕುವುದು ನಾವು. ಫೋಟೊಗಾಗಿ ಹಿಂಡಿನ ಮೇಲೆ ಡ್ರೋನ್ ಹಾರಿಸುತ್ತಾರೆ. ಹೆಬ್ಬಾತುಗಳು ಗಾಬರಿಯಿಂದ ಎದ್ದರೆ ಕೆರೆ ಬಿಟ್ಟು ಹೊಸ ಪೈರಿಗೆ ಇಳಿಯುತ್ತವೆ. ಕೊಯ್ದ ಗದ್ದೆಯಲ್ಲಿ ಉದುರಿದ ಭತ್ತ, ಗರಿಕೆ ತಿಂದುಕೊಂಡು ಇದ್ದರೆ ನಮಗೆ ಏನೂ ತೊಂದರೆಯಿಲ್ಲ, ಎಳೆ ಪೈರಿಗೆ ಬಿದ್ದರೆ ಮಾತ್ರ ನಷ್ಟ. ಹಕ್ಕಿಯನ್ನು ಎಬ್ಬಿಸದಿದ್ದರೆ ಹಕ್ಕಿಗೂ ಒಳ್ಳೆಯದು, ನಮಗೂ ಒಳ್ಳೆಯದು.

ಕಾರನ್ನು ಊರಿನ ಹತ್ತಿರವೇ ನಿಲ್ಲಿಸಿ. ಎತ್ತಿನಗಾಡಿ, ಟ್ರ್ಯಾಕ್ಟರ್ ಓಡಾಡುವ ಜಾಡಿಗೆ ಅಡ್ಡ ನಿಲ್ಲಿಸಿದರೆ ಕಬ್ಬು ತುಂಬಿದ ಗಾಡಿ ತಿರುಗಲಾಗುವುದಿಲ್ಲ. ಬೆಳಿಗ್ಗೆ ಬೇಗ ಬನ್ನಿ. ಒಂಬತ್ತರ ಮೇಲೆ ಬಟ್ಟೆ ಒಗೆಯುವವರು, ಮೀನು ಬಲೆಯವರು ಬರುತ್ತಾರೆ, ಹಕ್ಕಿಗಳು ದೂರ ಸರಿಯುತ್ತವೆ.


ಕಲ್ಲಹಳ್ಳಿ ಮಂಡ್ಯ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದ. ಮೊದಲ ಭಾನುವಾರ ಹದಿನಾರು, ಎರಡನೆಯದು ತಾಯಿಯವರ ಜೊತೆ ಕೊಕ್ಕರೆ ಬೆಳ್ಳೂರು ಎಂದು ತೀರ್ಮಾನಿಸಿದ್ದೇವೆ. ಮಗಳು ಇದನ್ನೆಲ್ಲ ಓದಿ ಒಂದು ಪ್ರಶ್ನೆ ಕೇಳುತ್ತಿದ್ದಾಳೆ: ಕೆಲವು ಹೆಬ್ಬಾತುಗಳ ಕೊರಳಿನಲ್ಲಿ ಪಟ್ಟಿ ಇರುತ್ತದಂತೆ, ಕಂಡರೆ ಯಾರಿಗೆ ಹೇಳಬೇಕು?


ಕುಕ್ಕರಹಳ್ಳಿ ದಂಡೆ

ಇರುತ್ತದೆ. ಮಂಗೋಲಿಯದ ಸಂಶೋಧಕರು ಹಸಿರು ಕೊರಳಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿವೆ. ಪಟ್ಟಿಯ ಮೇಲೆ ದೊಡ್ಡದಾಗಿ ಅಕ್ಷರ ಮತ್ತು ಅಂಕಿ ಇರುತ್ತವೆ. ಪಟ್ಟಿಯ ಬಣ್ಣ, ಅಕ್ಷರದ ಬಣ್ಣ, ಅಂಕಿ, ಕೆರೆಯ ಹೆಸರು, ದಿನಾಂಕ, ಹಿಂಡಿನಲ್ಲಿ ಅಂದಾಜು ಎಷ್ಟು ಹಕ್ಕಿಗಳಿದ್ದವು ಎಂಬುದನ್ನು ಮಗಳು ಅಲ್ಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಮೊಬೈಲನ್ನು ಬೈನಾಕ್ಯುಲರಿನ ಕಣ್ಣಿಗೆ ಹಿಡಿದು ತೆಗೆದ ಚಿತ್ರವೂ ಸಾಕಾಗುತ್ತದೆ. ಇ-ಬರ್ಡ್ ಪಟ್ಟಿಯಲ್ಲಿ ಟಿಪ್ಪಣಿಯಾಗಿ ಸೇರಿಸಿ, ಜೊತೆಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಇಮೇಲ್ ಮಾಡಿ. ನಮ್ಮ ದೇಶದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ಕೆಲಸವನ್ನು ದಶಕಗಳಿಂದ ಮಾಡುತ್ತಿರುವವರು ಅವರೇ.

ಹೆಬ್ಬಾತು ಮಲಗಿದ್ದಾಗ ಪಟ್ಟಿ ಗರಿಗಳಲ್ಲಿ ಮುಚ್ಚಿಹೋಗಿರುತ್ತದೆ, ಕತ್ತೆತ್ತುವವರೆಗೆ ಕಾಯಬೇಕು. ಪಟ್ಟಿ ಓದಬೇಕೆಂದು ಹತ್ತಿರ ಹೋಗಬೇಡಿ. ಅಕ್ಷರ ಸ್ಪಷ್ಟವಾಗದಿದ್ದರೆ ಊಹಿಸಿ ತುಂಬಬೇಡಿ. ಇಂಗ್ಲಿಷಿನ ಬಿ ಅಕ್ಷರವೂ 8ರ ಅಂಕಿಯೂ ದೂರದಿಂದ ಒಂದೇ ರೀತಿ ಕಾಣುತ್ತವೆ, ಒಂದು ಅಕ್ಷರ ತಪ್ಪಿದರೂ ಬೇರೆ ಹಕ್ಕಿಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಕಂಡಷ್ಟನ್ನು ಬರೆದು, ಕಾಣದ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳುಹಿಸಿ.